ಲಾರಿ ಹೊರಡುವ ಮೊದಲು ಒಂದು ಫೋನ್ ಮಾಡಿ

ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಮೆಸೇಜ್ ಶುರುವಾಗುತ್ತವೆ. ಒಂದು, ಕೃಷ್ಣಾ ನದಿಯ ಕಲ್ಲೋಳ-ಯಡೂರ ಸೇತುವೆ ಮುಳುಗಿದ ವಿಡಿಯೋ. ಇನ್ನೊಂದು, "ನೆರೆ ಸಂತ್ರಸ್ತರಿಗಾಗಿ ನಿಮ್ಮ ಮನೆಯ ಹಳೆ ಬಟ್ಟೆ ಕೊಡಿ". ಈ ಎರಡನೆಯದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದರೆ ಓದಿ.

2019ರ ಆಗಸ್ಟ್ ನೆನಪಿದೆಯಲ್ವಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಏರಿದ್ದವು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಟ್ಟಿದ್ದರು. ಗೋಕಾಕದ ಲೋಳಸೂರ ಸೇತುವೆ ಮೇಲೆ ನದಿ ಹರಿಯುತ್ತಿತ್ತು. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗ, ಬಾದಾಮಿ ಕಡೆಯ ಊರುಗಳನ್ನು ನುಂಗಿ ಪಟ್ಟದಕಲ್ಲಿನ ಗುಡಿಗಳ ಒಳಗೂ ಹೋಗಿತ್ತು. ಸುಮಾರು 7 ಲಕ್ಷ ಜನರನ್ನು ಬೇರೆ ಕಡೆ ಸಾಗಿಸಬೇಕಾಯಿತು. ಇಷ್ಟೆಲ್ಲ ಆಗುವಾಗ ರಾಜ್ಯದಲ್ಲಿ ಮುಖ್ಯಮಂತ್ರಿ ಬಿಟ್ಟರೆ ಒಬ್ಬ ಮಂತ್ರಿಯೂ ಇರಲಿಲ್ಲ. ಯಡಿಯೂರಪ್ಪ ಜುಲೈ 26ಕ್ಕೆ ಪ್ರಮಾಣವಚನ ತೆಗೆದುಕೊಂಡಿದ್ದರು, ಸಂಪುಟ ಆಗಿದ್ದು ಆಗಸ್ಟ್ 20ಕ್ಕೆ. ಜಿಲ್ಲೆಗೊಬ್ಬ ಉಸ್ತುವಾರಿ ಮಂತ್ರಿ ಇಲ್ಲದೆ ಡಿಸಿ, ತಹಶೀಲ್ದಾರರು, ಪಿಡಿಓಗಳೇ ಎಲ್ಲ ಹೊತ್ತರು.

ಜನ ಮಾತ್ರ ಕೈ ಬಿಚ್ಚಿ ಕೊಟ್ಟರು. ಅದರಲ್ಲಿ ಎರಡು ಮಾತಿಲ್ಲ. ಒಂದೊಂದು ಓಣಿಯಲ್ಲೂ ಹೆಂಗಸರು ಕೂತು ರೊಟ್ಟಿ ಬಡಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇದಕ್ಕಿಂತ ಒಳ್ಳೆಯ ನೆರೆ ಊಟವನ್ನು ಯಾವ ತಜ್ಞರೂ ಹೇಳಿಕೊಡಲಾರರು. ಕೆಡುವುದಿಲ್ಲ, ಒಲೆ ಬೇಡ, ಮುಖ್ಯವಾಗಿ ತಿನ್ನುವವರಿಗೆ ರೂಢಿ ಇರುವ ಊಟ.

ಆದರೆ ಅದೇ ವಾರ ನೆರೆ ಸಂತ್ರಸ್ತರಿದ್ದ ಒಂದು ಶಾಲೆಯಲ್ಲಿ ಏನು ನೋಡಿದೆ ಅಂದರೆ, ಊರಿನ ಹೆಸರು ಬೇಡ, ಐದು ಕೋಣೆಗಳಲ್ಲಿ ಒಂದು ಕೋಣೆ ತುಂಬಾ ಬಟ್ಟೆ. ಕಿಟಕಿಯ ಮಟ್ಟದವರೆಗೆ. ಜರಿ ಕಿತ್ತುಹೋದ ಸೀರೆ, ಗುಂಡಿಯಿಲ್ಲದ ಶರ್ಟು, ಟೈಟ್ ಜೀನ್ಸು, ಯಾರದೋ ಮದುವೆಯ ಶೆರ್ವಾನಿ, ಎಡಗಾಲಿನದು ಮಾತ್ರ ಇರುವ ಚಪ್ಪಲಿ. ಲಾರಿಯಲ್ಲಿ ಬರುವಾಗಲೇ ಅರ್ಧ ನೆನೆದಿದ್ದವು, ಮುಗ್ಗಲು ವಾಸನೆ ಕಾರಿಡಾರಿನ ತನಕ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಬಾಣಂತಿಯೊಬ್ಬರು ಕೂಸಿನ ಜತೆ ಬೆಂಚುಗಳ ಮಧ್ಯೆ ಮಲಗಿದ್ದರು. ಪರಿಹಾರ ಕೇಂದ್ರದಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಜಾಗ ಕೊಡಬೇಕು ಅನ್ನುತ್ತದೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ನಿಯಮ. ಆ ಲೆಕ್ಕದಲ್ಲಿ ನಮ್ಮ ಔದಾರ್ಯದ ಬಟ್ಟೆ ಹತ್ತು ಹನ್ನೆರಡು ಜನ ಮಲಗುವ ಜಾಗ ತಿಂದಿತ್ತು.

ಅಷ್ಟು ಬಟ್ಟೆ ಇದ್ದೂ ಅಲ್ಲಿನ ಹೆಂಗಸರಿಗೆ ಬೇಕಾದದ್ದು ಇರಲಿಲ್ಲ. ಒಬ್ಬ ಅಜ್ಜಿ ನಮ್ಮ ಜತೆ ಬಂದಿದ್ದ ಹುಡುಗಿಯನ್ನು ಪಕ್ಕಕ್ಕೆ ಕರೆದು, "ಸೀರಿ ಭಾಳ ಕೊಟ್ಟೀರಿ ಯವ್ವಾ, ಒಳಗ ಉಡಾಕ ಪರಕಾರ ಇಲ್ಲ" ಅಂದರು. ಪರಕಾರ ಅಂದರೆ ಸೀರೆಯ ಒಳಗೆ ಉಡುವ ಲಂಗ. ಪರಕಾರ, ಒಳಉಡುಪು, ಪ್ಯಾಡು, ಸೇಫ್ಟಿ ಪಿನ್ನು. ಇವನ್ನು ಯಾರೂ ಹಳೆಯದು ಕೊಡುವ ಹಾಗಿಲ್ಲ, ಹೊಸದು ಕೊಳ್ಳಬೇಕು, ಕೊಳ್ಳಲು ದುಡ್ಡು ಬೇಕು. ಆ ದುಡ್ಡು ಬಟ್ಟೆ ತಂದ ಲಾರಿಯ ಡೀಸೆಲ್‌ಗೆ ಹೋಗಿತ್ತು.

ಹಾಗಾಗಿ ನನ್ನ ವಾದ ಇಷ್ಟೇ. ನೆರೆ ಬಂದಾಗ ನಮ್ಮಲ್ಲಿ ಕೊಡುವವರಿಗೆ ಯಾವತ್ತೂ ಬರ ಇಲ್ಲ. ಕೊಡುವ ಮೊದಲು ಕೇಳುವವರು ಇಲ್ಲ, ಬಂದದ್ದನ್ನು ಬರೆದಿಡುವವರು ಇಲ್ಲ. ನಮ್ಮ ಹುಡುಗರು ಕುತ್ತಿಗೆಮಟ್ಟ ನೀರಿನಲ್ಲಿ ಇಳಿಯಲು ರೆಡಿ, ಒಂದು ಕಡೆ ಕೂತು ಪಟ್ಟಿ ಮಾಡು ಅಂದರೆ ಮುಖ ಸಿಂಡರಿಸುತ್ತಾರೆ. ಪಟ್ಟಿ ಮಾಡುವವನ ಫೋಟೋ ಯಾರೂ ಹಾಕುವುದಿಲ್ಲ ನೋಡಿ.

ಪಟ್ಟಿ ಅಂದರೆ ಏನು ಅಂತ ಒಂದು ಕಾಳಜಿ ಕೇಂದ್ರದಲ್ಲಿ, ಅಂದರೆ ಪರಿಹಾರ ಕೇಂದ್ರದಲ್ಲಿ, ಕಣ್ಣಾರೆ ನೋಡಿದೆ. ಅಲ್ಲಿ ಜವಾಬ್ದಾರಿ ಹೊತ್ತವರು ಕನ್ನಡ ಶಾಲೆಯ ಮೇಷ್ಟ್ರು. ಮಕ್ಕಳ ನೋಟ್‌ಬುಕ್ಕಿನಲ್ಲೇ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಕುಟುಂಬದ ಯಜಮಾನರ ಹೆಸರು, ತಲೆ ಎಷ್ಟು, ಹಾಲು ಕುಡಿಯುವ ಕೂಸು ಎಷ್ಟು, ಬಸುರಿ ಯಾರು, ಬಿಪಿ-ಶುಗರ್ ಗುಳಿಗೆ ಯಾರಿಗೆ, ಯಾವುದು, ದನ ಎಷ್ಟು, ಎಲ್ಲಿ ಕಟ್ಟಿದ್ದಾರೆ. ಹಿಂದಿನ ಪುಟದಲ್ಲಿ ಬಂದ ಸಾಮಾನು, ಹಂಚಿದ್ದು, ಉಳಿದದ್ದು. ಪ್ರತಿ ರಾತ್ರಿ ಊಟ ಆದ ಮೇಲೆ ಅದನ್ನು ನೋಡಿಕೊಂಡು ನಾಳೆಗೆ ಏನು ಬೇಕು ಅಂತ ತಾಲ್ಲೂಕಿಗೆ ಫೋನ್. ಬೆಳಿಗ್ಗೆ ಟೆಂಪೋದಲ್ಲಿ ಬರುತ್ತಿದ್ದುದು ಅಷ್ಟೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಹೇಳದೆ ಕೇಳದೆ ಬಂದ ಒಂದು ಬ್ರೆಡ್ ಲಾರಿಯನ್ನು ಅವರು ಗೇಟಿನಲ್ಲೇ ನಿಲ್ಲಿಸಿ, "ನಮಗೆ ಸಾಕಷ್ಟಿದೆ, ಹೊಳೆ ಆಚೆ ಊರಿಗೆ ಹೋಗಿ, ಇಂಥವರಿಗೆ ಫೋನ್ ಮಾಡಿ" ಅಂತ ಚೀಟಿ ಬರೆದುಕೊಟ್ಟರು. ಲಾರಿಯವರಿಗೆ ಭಾರಿ ಸಿಟ್ಟು. ಅಷ್ಟು ದೂರದಿಂದ ಬಂದಿದ್ದೇವೆ, ಬ್ಯಾನರ್ ಕಟ್ಟಿದ್ದೇವೆ, ಬೇಡ ಅಂತೀರಾ ಅಂತ. ಬೇಡ ಅನ್ನುವುದಕ್ಕೆ ಎಷ್ಟು ಗಟ್ಟಿತನ ಬೇಕು ಅಂತ ನನಗೆ ಅವತ್ತು ಗೊತ್ತಾಯಿತು.

ಚೀಟಿ ಬರೆಯದಿದ್ದರೆ ಏನಾಗುತ್ತದೆ? ಲಾರಿ ಡಾಂಬರು ರಸ್ತೆ ಇರುವ ತನಕ ಹೋಗುತ್ತದೆ. ರಸ್ತೆ ಬದಿಯ ಊರಿಗೆ ಒಂದೇ ದಿನ ನಾಲ್ಕು ಸಲ ಹಾಸಿಗೆ ಹೊದಿಕೆ. ಸೇತುವೆ ಕೊಚ್ಚಿಹೋದ ಆಚೆ ಬದಿಯ ಊರಿಗೆ ಒಂದೂ ಇಲ್ಲ. ಲಾರಿಯ ಹಿಂದೆ ನಿಂತು ಎಸೆದರೆ ಗಟ್ಟಿ ತೋಳಿನ ಹುಡುಗರು ಹಿಡಿಯುತ್ತಾರೆ, ಮುದುಕರು, ಒಂಟಿ ಹೆಂಗಸರು ಬರಿಗೈಲಿ ಹೋಗುತ್ತಾರೆ. ಆಮೇಲೆ ನಾವೇ "ಅಲ್ಲಿ ಜನ ಕಿತ್ತಾಡುತ್ತಾರೆ ಮಾರಾಯ್ರೆ" ಅಂತ ಬಂದು ಹೇಳುತ್ತೇವೆ. ಕಿತ್ತಾಡದೆ ಏನು ಮಾಡುತ್ತಾರೆ? ನಾವು ಹಂಚಿದ ರೀತಿಯೇ ಹಾಗಿತ್ತು.

ಸರ್ಕಾರಕ್ಕೆ ಕೊಟ್ಟರೆ ಗೋದಾಮಿನಲ್ಲೇ ಕೊಳೆಯುತ್ತದೆ, ನಮ್ಮ ಕೈಯಿಂದಲೇ ಕೊಡಬೇಕು ಅಂತ ತುಂಬ ಜನ ಹೇಳುತ್ತಾರೆ. ಆ ಅನುಮಾನ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಊರು ಖಾಲಿಯಾಗಿದೆ, ಯಾವ ರಸ್ತೆ ಬಂದ್, ಎಲ್ಲಿ ಕೇಂದ್ರ ತೆರೆದಿದ್ದಾರೆ ಅನ್ನುವ ಪೂರ್ತಿ ಚಿತ್ರ ಇರುವುದು ಜಿಲ್ಲಾ ಕಂಟ್ರೋಲ್ ರೂಮಿನಲ್ಲೇ. 1077ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಡಿಸಿ. ಸಾಮಾನನ್ನು ಅವರ ಕೈಗೆ ಕೊಡಲು ನಿಮಗೆ ಮನಸ್ಸಿಲ್ಲದಿದ್ದರೆ ಬೇಡ. ಎಲ್ಲಿಗೆ, ಏನು, ಯಾವಾಗ ಒಯ್ಯುತ್ತಿದ್ದೀರಿ ಅನ್ನುವುದನ್ನಾದರೂ ತಿಳಿಸಿ. ಊರಿನ ಗ್ರಾಮ ಆಡಳಿತಾಧಿಕಾರಿಯನ್ನೋ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು), ಆಶಾ ಕಾರ್ಯಕರ್ತೆಯನ್ನೋ ಜತೆಗಿಟ್ಟುಕೊಂಡು ಹಂಚಿ. ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ.

ಇನ್ನು ದನದ ವಿಷಯ. ಇದನ್ನು ಬೆಂಗಳೂರಿನ ಗೆಳೆಯರಿಗೆ ಅರ್ಥ ಮಾಡಿಸಲು ಕಷ್ಟ. ಹೊಳೆಸಾಲಿನ ಜನ "ಬೋಟ್ ಬಂದರೂ ಹತ್ತಲ್ಲ, ಹಟ ಮಾಡ್ತಾರೆ" ಅಂತ ಟಿವಿಯವರು ಬೈಯುತ್ತಾರಲ್ಲ, ಹೆಚ್ಚಿನ ಸಲ ಅದರ ಹಿಂದೆ ಎರಡು ಎಮ್ಮೆ, ಒಂದು ಜೋಡಿ ಎತ್ತು ಇರುತ್ತವೆ. ತೋಟದ ಮನೆಯಲ್ಲಿರುವವನಿಗೆ ಅವೇ ಬ್ಯಾಂಕು. ಬೋಟಿನಲ್ಲಿ ಎಮ್ಮೆ ಹತ್ತುವುದಿಲ್ಲ. ಬಿಟ್ಟು ಬಂದರೆ ಬದುಕು ಹೋಯಿತು. ಆದ್ದರಿಂದ ಕೇಂದ್ರದ ಪಕ್ಕದಲ್ಲೇ ಎತ್ತರದ ಜಾಗ, ಗೂಟ, ಹಗ್ಗ, ನೀರಿನ ತೊಟ್ಟಿ, ಮೇವು ರೆಡಿ ಇದೆ ಅಂತ ಮೊದಲೇ ಡಂಗುರ ಸಾರಿದರೆ ಜನ ನೀರು ಬರುವ ಮುಂಚೆಯೇ ದನ ಹೊಡೆದುಕೊಂಡು ತಾವೇ ಬರುತ್ತಾರೆ. ಬೋಟೇ ಬೇಕಾಗುವುದಿಲ್ಲ. ಒಂದು ಟ್ರ್ಯಾಕ್ಟರ್ ಕಣಿಕೆ, ಅಂದರೆ ಜೋಳದ ಒಣ ಮೇವು, ಕಳಿಸುವುದು ಸುಮ್ನೆ ದನಕ್ಕೆ ಮಾಡುವ ಉಪಕಾರ ಅಲ್ಲ, ಜೀವ ಉಳಿಸುವ ಕೆಲಸ.

ಕೃಷ್ಣಾ ತೀರದಲ್ಲಿ ಇದನ್ನು ಮೊದಲೇ ಮಾಡಲು ಸಾಧ್ಯವೂ ಇದೆ. 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಜನಕ್ಕೆ ಆ ಅವಕಾಶವೇ ಇರಲಿಲ್ಲ. ಗುಡ್ಡ ಹೇಳಿ ಕೇಳಿ ಜಾರುವುದಿಲ್ಲ. ಕೃಷ್ಣೆ ಹಾಗಲ್ಲ. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಲ್ಲಿ ಎಷ್ಟು ಹರಿಯುತ್ತಿದೆ, ದೂಧಗಂಗಾ, ವೇದಗಂಗಾ ಹೇಗಿವೆ, ಎಲ್ಲ ಗೊತ್ತಾಗುತ್ತದೆ. ಮಾಂಜರಿ, ಇಂಗಳಿ ಕಡೆಯ ಹಿರಿಯರನ್ನು ಕೇಳಿ, ನೀರು ಎಲ್ಲಿ ಬಂದರೆ ಯಾವ ಓಣಿ ಬಿಡಬೇಕು ಅಂತ ಬೆರಳು ತೋರಿಸುತ್ತಾರೆ. ಅಂದ ಮೇಲೆ ಯಾವ ಶಾಲೆ, ಯಾವ ಕಲ್ಯಾಣ ಮಂಟಪ, ಅಲ್ಲಿ ಶೌಚಾಲಯ ಎಷ್ಟು, ಬೋರ್ ಇದೆಯೋ ಇಲ್ಲವೋ ಅಂತ ಜೂನ್‌ನಲ್ಲೇ ನೋಡಿಟ್ಟುಕೊಳ್ಳಲು ಏನು ಕಷ್ಟ? ನಿಯಮದ ಪ್ರಕಾರ 30 ಜನಕ್ಕೆ ಒಂದು ಶೌಚಾಲಯ ಬೇಕು. ನಮ್ಮ ಎಷ್ಟು ಸರ್ಕಾರಿ ಶಾಲೆಗಳಲ್ಲಿ ಮುನ್ನೂರು ಜನ ಬಂದರೆ ಹತ್ತು ಶೌಚಾಲಯ ಸಿಗುತ್ತವೆ? ರಾತ್ರಿ ಹೊತ್ತು ಹೆಂಗಸರು ಎಲ್ಲಿ ಹೋಗಬೇಕು? ನೀರು ಕುಡಿಯುವುದನ್ನೇ ಕಡಿಮೆ ಮಾಡಿದವರನ್ನು ನೋಡಿದ್ದೇನೆ.

ನೀರು ಇಳಿದ ಮೇಲಿನ ಕಥೆ ಬೇರೆಯೇ. ಟಿವಿ ಕ್ಯಾಮೆರಾ, ನಮ್ಮ ಲಾರಿ ಎಲ್ಲ ಒಂದೇ ವಾರದಲ್ಲಿ ವಾಪಸ್. ಆಗ ಜನ ಮನೆಗೆ ಹೋಗಿ ನೋಡಿದರೆ ಮೊಣಕಾಲುಮಟ್ಟ ರಾಡಿ, ಅದರೊಳಗೆ ಹಾವು, ಚೇಳು, ಗೋಡೆ ಮುಟ್ಟಿದರೆ ಬೀಳುವ ಸ್ಥಿತಿ, ಕೊಳೆತ ಜೋಳದ ಚೀಲ. ಆಗ ಬೇಕಾದದ್ದು ಸಲಿಕೆ, ಬುಟ್ಟಿ, ಗಮ್‌ಬೂಟು, ಬ್ಲೀಚಿಂಗ್ ಪೌಡರ್, ತಾಡಪಾಲು, ಕರೆಂಟ್ ಕೆಲಸ ಗೊತ್ತಿರುವ ಇಬ್ಬರು ಹುಡುಗರು. ನಗದು ದುಡ್ಡು. ಸರ್ಕಾರದ ನಿಯಮದಲ್ಲಿ 2019ರಲ್ಲಿ ಬಟ್ಟೆಗೆ 1,800, ಪಾತ್ರೆಗೆ 2,000, ಒಟ್ಟು 3,800 ರೂಪಾಯಿ ಇತ್ತು. ರಾಜ್ಯ ಅದಕ್ಕೆ 6,200 ಸೇರಿಸಿ ಕುಟುಂಬಕ್ಕೆ 10,000 ಕೊಟ್ಟಿತು. ಒಳ್ಳೆಯದೇ. ಆದರೆ ಕುಟುಂಬ ಅಂದರೆ ಯಾರು? ಒಂದೇ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಒಲೆ ಮೂರು, ಮನೆ ಉತಾರ, ಅಂದರೆ ಮನೆಯ ದಾಖಲೆ, ಮಾತ್ರ ಸತ್ತುಹೋದ ಅಜ್ಜನ ಹೆಸರಲ್ಲಿ. ಬಾಡಿಗೆಯವರ ಗತಿ ಏನು? ಆಧಾರ್, ಪಾಸ್‌ಬುಕ್ಕು, ರೇಷನ್ ಕಾರ್ಡು ಎಲ್ಲ ಹೊಳೆ ಪಾಲಾಗಿರುತ್ತವೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಯಿತು, ಆದರೆ ಮನೆ ಎಷ್ಟು ಪರ್ಸೆಂಟ್ ಬಿದ್ದಿದೆ ಅಂತ ಬರೆಯುವ ಸರ್ವೆಯ ಮೇಲೆಯೇ ಎಲ್ಲ ನಿಂತಿತ್ತು. ಮಣ್ಣಿನ ಗೋಡೆ ಸರ್ವೆ ದಿನ ನಿಂತಿರುತ್ತದೆ, ಹದಿನೈದು ದಿನ ಬಿಟ್ಟು ಒಣಗುವಾಗ ಬೀಳುತ್ತದೆ. ಇಂಥ ಕಡೆ ಅರ್ಜಿ ತುಂಬಿಕೊಡುವ, ಫೋಟೋ ತೆಗೆದು ದಿನಾಂಕ ಹಾಕಿಡುವ, ಕಚೇರಿಗೆ ಜತೆಗೆ ಹೋಗುವ ಓದಿದ ಹುಡುಗ ಹುಡುಗಿಯರು ಹತ್ತು ಲಾರಿಗೆ ಸಮ.

ಆಸರೆಯ ಪಾಡೂ ಅಷ್ಟೇ. ಶಾಲೆಯಲ್ಲಿ ಎಷ್ಟು ದಿನ ಇರಲು ಆಗುತ್ತದೆ? ಮಕ್ಕಳಿಗೆ ಪಾಠ ಶುರುವಾಗಬೇಕು, ಕೋಣೆ ಬಿಡಿ ಅನ್ನುತ್ತಾರೆ. ಆಮೇಲೆ ತಗಡಿನ ಶೆಡ್ಡು, ಹಗಲು ಕಾದ ಹಂಚು, ರಾತ್ರಿ ಸೊಳ್ಳೆ. 2009ರ ನೆರೆ ನಂತರ 'ಆಸರೆ' ಮನೆಗಳನ್ನು ಕಟ್ಟಿದರು, ದಾನಿಗಳೂ ಕೊಟ್ಟರು. ಎಷ್ಟೋ ಕಡೆ ಆ ಮನೆಗಳಲ್ಲಿ ಜನರೇ ಹೋಗಿ ಇರಲಿಲ್ಲ. ಹೊಲದಿಂದ ದೂರ, ದನ ಕಟ್ಟಲು ಜಾಗ ಇಲ್ಲ. ಗೋಡೆಯ ಸುತ್ತ ಜಾಲಿ ಬೆಳೆಯಿತು. ಹಳೆ ಬಟ್ಟೆ ಕಳಿಸುವುದೂ, ಕೇಳದೆ ಮನೆ ಕಟ್ಟಿಸುವುದೂ ನನಗೆ ಒಂದೇ ಥರದ ಕೆಲಸ ಅನ್ನಿಸುತ್ತದೆ. ಖರ್ಚು ಮಾತ್ರ ಬೇರೆ.

ಇದನ್ನೆಲ್ಲ ಓದಿ "ಹಾಗಾದರೆ ಕೊಡುವುದೇ ಬೇಡವಾ" ಅಂತ ಕಾಮೆಂಟ್ ಹಾಕುವವರು ಇದ್ದೇ ಇರುತ್ತಾರೆ. ಕೊಡಿ ಸ್ವಾಮಿ. ಮೊದಲ ಮೂರು ದಿನ ಹತ್ತಿರದ ಊರಿನವರು ಊಟ ನೋಡಿಕೊಳ್ಳುತ್ತಾರೆ, ದೂರದವರು ಆ ಮೂರು ದಿನ ದುಡ್ಡು ಕೂಡಿಸಿ, ಪಟ್ಟಿ ಬರುವ ತನಕ ಕಾಯಿರಿ. ಸಾಮಾನನ್ನು ಹತ್ತಿರದ ಪೇಟೆಯಲ್ಲೇ ಕೊಳ್ಳಿ, ಬಾಡಿಗೆಯೂ ಉಳಿಯುತ್ತದೆ, ನೆರೆಯಿಂದ ವ್ಯಾಪಾರ ಕಳೆದುಕೊಂಡ ಅಂಗಡಿಯವನಿಗೂ ನಾಲ್ಕು ಕಾಸು ಆಗುತ್ತದೆ. ಒಂದೊಂದು ಕುಟುಂಬಕ್ಕೆ ಒಂದೊಂದು ಚೀಲ ಕಟ್ಟಿ. ಚೀಲದ ಮೇಲೆ ಒಳಗೇನಿದೆ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಇಲ್ಲದಿದ್ದರೆ ಎಲ್ಲ ಬಿಚ್ಚಿ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ತೆಗೆದುಕೊಳ್ಳುವವರ ಫೋಟೋ ದಯವಿಟ್ಟು ಬೇಡ. ನಿನ್ನೆ ತನಕ ಹತ್ತು ಜನಕ್ಕೆ ಊಟ ಹಾಕಿದ ಮನೆಯವರು ಅವರು.

ಈ ಸಲ ನಮ್ಮ ಬಳಗ ಬಟ್ಟೆ ತೆಗೆದುಕೊಳ್ಳುತ್ತಿಲ್ಲ, ಹೊಸ ಒಳಉಡುಪು ಮತ್ತು ಪರಕಾರ ಬಿಟ್ಟು. ಜಮಖಂಡಿ, ಅಥಣಿ, ಚಿಕ್ಕೋಡಿ ಕಡೆ ಮಳೆಗಾಲ ಮುಗಿಯುವ ತನಕ ಸೋರದ ಗೋದಾಮು ಬಿಟ್ಟುಕೊಡುವವರು ಇದ್ದರೆ, ಟ್ರ್ಯಾಕ್ಟರ್ ಇದ್ದವರು, ಒಣ ಕಣಿಕೆ ಬಣವೆ ಇದ್ದವರು, ಫೋನ್ ಹಿಡಿದು ದಿನಕ್ಕೆ ಎರಡು ಗಂಟೆ ಪಟ್ಟಿ ಮಾಡಲು ತಾಳ್ಮೆ ಇದ್ದವರು ಇನ್‌ಬಾಕ್ಸ್‌ಗೆ ಬನ್ನಿ. ಕೊನೆಯವರು ಜಾಸ್ತಿ ಬೇಕು.