ಲಿಂಕ್ ಇದ್ದವರೆಲ್ಲ ಡೈರೆಕ್ಟರ್

ಫಿಲ್ಮ್ ರೀಲಿನ ಕಾಲದಲ್ಲಿ 35 ಎಂಎಂ ಕ್ಯಾಮೆರಾಕ್ಕೆ 1000 ಅಡಿ ಫಿಲ್ಮ್ ಹಾಕಿದರೆ ಸುಮಾರು 11 ನಿಮಿಷಕ್ಕೆ ಖಾಲಿ. ಫಿಲ್ಮಿಗೂ ದುಡ್ಡು, ಅದನ್ನು ಲ್ಯಾಬಿನಲ್ಲಿ ತೊಳೆಸುವುದಕ್ಕೂ ದುಡ್ಡು. ಹಾಗಾಗಿ ಸೆಟ್ಟಿನಲ್ಲಿ ಯಾರಾದರೂ ಒಬ್ಬರು "ಸಾಕು" ಅನ್ನಲೇಬೇಕಿತ್ತು. ಫೋನ್ ಬಂದ ಮೇಲೆ ಆ ಹುದ್ದೆ ಖಾಲಿ ಬಿದ್ದಿದೆ.

ಮುಂಬೈ ಪಕ್ಕದ ಡೊಂಬಿವ್ಲಿಯಲ್ಲಿರುವ ಅಕ್ಕನ ಮಗಳು ಕಾಲೇಜಿನಲ್ಲಿ ಮಾಧ್ಯಮ ಓದುತ್ತಾಳೆ. ಮೂರು ನಿಮಿಷದ ಮ್ಯೂಸಿಕ್ ವಿಡಿಯೊ ಮಾಡಿ ಕೊಡಬೇಕು, ಪ್ಲ್ಯಾನಿಂಗಿಗೂ ಮಾರ್ಕು. ಅವಳು ಶುರು ಮಾಡಿದ್ದು ಒಂದು ಗೂಗಲ್ ಶೀಟಿನಿಂದ. ಶಾಟ್ ನಂಬರ್, ಜಾಗ, ಹೊತ್ತು, ಬಟ್ಟೆ, ಸಾಮಾನು ಎಂದು ಚಂದದ ಕಾಲಂಗಳು. ಆಮೇಲೆ ಅದರ ಲಿಂಕನ್ನು ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಿದಳು. ಲಿಂಕ್ ಇದ್ದವರು ಯಾರು ಬೇಕಾದರೂ ತಿದ್ದಬಹುದು ಎಂಬ ಸೆಟ್ಟಿಂಗ್ ಸಮೇತ.

ಮರುದಿನ ಬೆಳಿಗ್ಗೆ 'ತೋಳಿಲ್ಲದ ಟಾಪ್' ಇದ್ದ ಜಾಗದಲ್ಲಿ 'ಪೂರ್ತಿ ತೋಳಿನ ಚೂಡಿದಾರ' ಇತ್ತು. ಅದು ಅಕ್ಕ. ಭಾವ ಬ್ಯಾಂಕಿನಿಂದ ರಿಟೈರ್ ಆದವರು. ಅವರು 'ಖರ್ಚು' ಅಂತ ಹೊಸ ಕಾಲಂ ಸೇರಿಸಿ, ತಲೆಗೆ ಒಂದೇ ವಡಾಪಾವ್ ಎಂದು ಬರೆದು, ಆ ಸಾಲನ್ನು ಯಾರೂ ಮುಟ್ಟದ ಹಾಗೆ ಲಾಕ್ ಮಾಡಿದ್ದರು. ಪುಣೆಯ ಚಿಕ್ಕಮ್ಮ ಮಳೆಯ ಶಾಟಿನ ಎದುರು "ಇವಳಿಗೆ ಬೇಗ ಕಫ ಆಗ್ತದೆ, ಮಳೆ ಬೇಡ" ಎಂದು ಕಾಮೆಂಟ್ ಹಾಕಿದ್ದರು. ಅದಕ್ಕೆ ಮೂರು ಜನ ಹೆಬ್ಬೆರಳು ಎತ್ತಿದ್ದರು.

ಶಾಟುಗಳ ಚಿತ್ರ ಬಿಡಿಸುವ ಕೆಲಸ ಎಐ ಪಾಲಾಯಿತು. "ಬೆಳಿಗ್ಗೆ ಎಂಟೂವರೆ, ಮಳೆ, ಡೊಂಬಿವ್ಲಿ ಸ್ಟೇಷನ್" ಎಂದು ಹೇಳಿದರೆ ಅದು ಕೊಟ್ಟ ಚಿತ್ರದಲ್ಲಿ ಒದ್ದೆ ಪ್ಲಾಟ್‌ಫಾರ್ಮ್, ಒಬ್ಬಳೇ ಹುಡುಗಿ, ಒಂದೇ ಕೊಡೆ, ಹಿಂದೆ ಬಾಗಿಲು ತೆರೆದುಕೊಂಡು ನಿಂತ ಖಾಲಿ ಲೋಕಲ್. ಭಾವ ಅದನ್ನು ಬಹಳ ಹೊತ್ತು ನೋಡಿದರು. ಸರ್ವಿಸ್ ಪೂರ್ತಿ ಅದೇ ಸ್ಟೇಷನ್ನಿನಿಂದ ಫೋರ್ಟಿಗೆ ಹೋಗಿ ಬಂದವರು. "ಇದು ಯಾವ ದೇಶ?" ಎಂದು ಕೇಳಿದರು. ಹೇಗೂ ರೈಲ್ವೆ ಜಾಗದಲ್ಲಿ ಶೂಟಿಂಗ್ ಮಾಡಲು ಅನುಮತಿ ಬೇಕು. ಹಾಗಾಗಿ ಆ ಶಾಟಿಗೆ ಮಾಟುಂಗದ ಹೂವಿನ ಅಂಗಡಿಗಳ ಸಾಲಿಗೆ ಟ್ರಾನ್ಸ್‌ಫರ್ ಆಯಿತು.

ಇನ್ನು ಹಾಡು. ಸಿನಿಮಾ ಹಾಡು ಮುಟ್ಟಿದರೆ ಕಾಪಿರೈಟ್ ತಕರಾರು. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಮುಗಿಯುತ್ತದೆ. 16ನೇ ಶತಮಾನದ ದಾಸರ ಪದವಾದರೆ ಯಾರ ಹಂಗೂ ಇಲ್ಲ. ಆದರೆ ಅದನ್ನೇ ಯಾರಾದರೂ ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗಿಗೆ ಬೇರೆ ಹಕ್ಕು. ಅಂದರೆ ಪದ ಬಿಟ್ಟಿ, ದನಿ ಬಿಟ್ಟಿಯಲ್ಲ. ಬಿಟ್ಟಿ ದನಿ ಮನೆಯಲ್ಲೇ ಇತ್ತು: ನನ್ನ ಅಮ್ಮ. ಮೊಮ್ಮಗಳಿಗೆ ಅಮ್ಮಮ್ಮ. ಆ ವಾರದಲ್ಲಿ ಅವಳ ತಂಡದ ಮರಾಠಿ ಹುಡುಗರಿಗೂ ಅಮ್ಮಮ್ಮ.

ಒನ್ ಬಿಎಚ್‌ಕೆಯಲ್ಲಿ ಸ್ಟುಡಿಯೊ ಎಲ್ಲಿಂದ ಬರಬೇಕು? ಗೋಡೆಗೆ ಬಡಿದು ವಾಪಸ್ ಬರುವ ದನಿಯನ್ನು ದಪ್ಪ ಬಟ್ಟೆ ಹೀರಿಕೊಳ್ಳುತ್ತದಂತೆ. ಹಾಗಾಗಿ ಕಪಾಟಿನ ಬಾಗಿಲು ತೆರೆದು, ಸೀರೆಗಳ ಎದುರು ಕುರ್ಚಿ ಇಟ್ಟು, ಅಮ್ಮಮ್ಮನನ್ನು ಕೂರಿಸಿ, ಮೇಲಿಂದ ರಜಾಯಿ ಹೊದಿಸಿದರು. ಜುಲೈ ತಿಂಗಳು. ಸದ್ದಾಗುತ್ತದೆ ಎಂದು ಫ್ಯಾನ್ ಬಂದ್. ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಕುಕ್ಕರ್ ಇಡಬೇಡಿ ಎಂದು ಹೇಳಿ ಬರುವ ಕೆಲಸ ನನಗೆ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತಾಳ ತಪ್ಪದಿರಲೆಂದು ನಿಮಿಷಕ್ಕೆ 80ರ ಲೆಕ್ಕದಲ್ಲಿ ಟಿಕ್ ಟಿಕ್ ಬಿಟ್ಟರು. ಎಲ್ಲ ಹಾಡುಗಾರರೂ ಇದರ ಜೊತೆಗೇ ಹಾಡುವುದು ಅಂತ ಮ್ಯೂಸಿಕ್ ಹುಡುಗ ಹೇಳಿದ. ಅಮ್ಮಮ್ಮ ಕಣ್ಣು ಮುಚ್ಚಿ ಪಲ್ಲವಿ ಎತ್ತಿದರು. ಅಷ್ಟರಲ್ಲಿ ಹಾಡು ನಿಲ್ಲಿಸಿ ಕುರ್ಚಿಯ ಕೈ ಮೇಲೆ ಬೆರಳು ಬಡಿದು "ಕೃಷ್ಣ ಕೃಷ್ಣ" ಎಂದರು. ಮತ್ತೆ ಪಲ್ಲವಿ, ಮತ್ತೆ "ಕೃಷ್ಣ ಕೃಷ್ಣ". ದಾಸರ ಪದದಲ್ಲಿ ಇದೂ ಇರಬಹುದು ಎಂದು ಮ್ಯೂಸಿಕ್ ಹುಡುಗ ಸುಮ್ಮನಿದ್ದ. ಕೊನೆಗೆ ಅವರೇ ರಜಾಯಿಯಿಂದ ತಲೆ ಹೊರಗೆ ಹಾಕಿ, "ಎಂತ ಮಾರಾಯ್ತಿ ಇದು, ಈ ಕಪಾಟಿನಲ್ಲಿ ಹಲ್ಲಿ ಉಂಟು. ಒಂದೇ ಸಮ ಲೊಚಗುಟ್ತದೆ!" ಎಂದರು.

ಹಲ್ಲಿಯನ್ನು ತೆಗೆದುಹಾಕಿ, ಅಮ್ಮಮ್ಮ ಹೇಗೆ ಹಾಡುತ್ತಾರೋ ಹಾಗೇ ಹಾಡಿಸಿದರು. ಅವರು ಅನುಪಲ್ಲವಿಯಲ್ಲಿ ನಿಧಾನ, ದಾಸರ ಅಂಕಿತ ಬಂದಾಗ ಇನ್ನೂ ನಿಧಾನ. ಆ ಹುಡುಗ ಎರಡು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ತನ್ನ ಬೀಟನ್ನೇ ಒಂದೊಂದಾಗಿ ಎಳೆದು ಅವರಿಗೆ ಹೊಂದಿಸಿದ. ನಿಜ ಹೇಳಬೇಕೆಂದರೆ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಗೌರವ ಬಂದದ್ದು ಅವನೊಬ್ಬನ ಮೇಲೆಯೇ.

ಮಾಟುಂಗದ ಶೂಟಿಂಗಿಗೆ ಹವಾಮಾನದ ಆ್ಯಪ್ ನೋಡಿ ದಿನ ಗೊತ್ತು ಮಾಡಿದ್ದರು. ಏಳರಿಂದ ಒಂಬತ್ತರವರೆಗೆ ಮಳೆ ಇಲ್ಲ ಎಂದಿತ್ತು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಊರು ಇದು. ಇಲ್ಲಿ ಜುಲೈ ತಿಂಗಳಲ್ಲಿ ಮಳೆಯನ್ನು ಗಂಟೆ ಲೆಕ್ಕದಲ್ಲಿ ನಂಬುವವರು ಹದಿನೆಂಟು ವರ್ಷದವರೇ ಆಗಿರಬೇಕು. ಏಳೂಕಾಲಿಗೆ ಶುರುವಾಯಿತು. ನಾನು ಒಂದು ಕೈಯಲ್ಲಿ ಫೋನಿಗೆ, ಇನ್ನೊಂದು ಕೈಯಲ್ಲಿ ಸ್ಪೀಕರಿಗೆ ಕೊಡೆ ಹಿಡಿದೆ. ನನಗೆ ಯಾರೂ ಹಿಡಿಯಲಿಲ್ಲ.

ಹೂವಿನ ಅಂಗಡಿಯೊಂದರ ಎದುರು ಹುಡುಗಿಯರು ಹಾಡಿಗೆ ತುಟಿ ಆಡಿಸಬೇಕು. ಬ್ಲೂಟೂತ್ ಸ್ಪೀಕರಿಗೆ ಹಾಡು ಸ್ವಲ್ಪ ತಡವಾಗಿ ತಲುಪುತ್ತದೆ. ಸಾಲು ನೆನಪಿದ್ದವಳ ತುಟಿ ಮುಂದೆ, ಕೇಳಿಸಿಕೊಂಡು ಆಡಿಸಿದವಳ ತುಟಿ ಹಿಂದೆ. ಸಾಲದ್ದಕ್ಕೆ ಅಂಗಡಿಯವರ ಯುಪಿಐ ಡಬ್ಬಿ. ಅಕ್ಕನ ಮಗಳು ಭಕ್ತಿಯಿಂದ ಕತ್ತೆತ್ತಿದಾಗಲೆಲ್ಲ ಅದು "ಪಚಾಸ್ ರುಪಯೇ ಪ್ರಾಪ್ತ್ ಹುಯೇ" ಎನ್ನುತ್ತಿತ್ತು. ಹುಡುಗಿಯರಿಗೆ ನಗು, ಮತ್ತೆ ಮೊದಲಿನಿಂದ. ಬೆಳಗಿನ ವ್ಯಾಪಾರದ ಹೊತ್ತು, ನಿಲ್ಲಿಸಿ ಎನ್ನಲು ನಾವ್ಯಾರು?

ಆಮೇಲೆ ಸ್ಲೋ ಮೋಷನ್ ಬಂತು. ಇದರ ಗುಟ್ಟು ಹೀಗೆ: ಸೆಕೆಂಡಿಗೆ 50 ಫ್ರೇಮ್ ಹಿಡಿದು, ಆಮೇಲೆ 25ರಲ್ಲಿ ಓಡಿಸುವುದು. ಆಗ ಮಳೆ, ಹೂವು, ಸೆರಗು ಎಲ್ಲ ನಿಧಾನ. ಆದರೆ ತುಟಿಯೂ ನಿಧಾನವಾದರೆ ಹಾಡು ಕೂಡುವುದಿಲ್ಲವಲ್ಲ. ಅದಕ್ಕೆ ಹಿಡಿಯುವಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು, ತುಟಿಯೂ ಅದೇ ವೇಗದಲ್ಲಿ ಆಡಬೇಕು. ಹಾಕಿದರು. ದೇವಸ್ಥಾನಕ್ಕೆ ಹೊರಟವರೆಲ್ಲ ಹೂವು ಕೊಳ್ಳುವ ಬೀದಿಯಲ್ಲಿ ಅಮ್ಮಮ್ಮನ ದನಿ ಇಲಿಮರಿಯ ದನಿಯಾಗಿ, ದಾಸರ ಪದ ಒಂದೂವರೆ ನಿಮಿಷದಲ್ಲಿ ಮುಗಿದುಹೋಯಿತು. ಶಲ್ಯ ಹೊದ್ದ ಹಿರಿಯರೊಬ್ಬರು ತಿರುಗಿ ನಿಂತರು. ನನ್ನ ಪುಣ್ಯಕ್ಕೆ ಕನ್ನಡದವರೇ.

"ದೇವರ ನಾಮ ಹೀಗಾ ಹಾಕೋದು?"

"ಇಲ್ಲ ಸಾರ್, ವಿಡಿಯೊದಲ್ಲಿ ಸರಿಯಾಗ್ತದೆ."

"ವಿಡಿಯೊದಲ್ಲಿ ಆಗ್ತದೆ. ದೇವರಿಗೆ ಈಗ ಕೇಳಿದ್ದು ಇದೇ ಅಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಡೆ ಇತ್ತು.

ಆದರೂ ಯಾರೂ "ಸಾಕು" ಅನ್ನಲಿಲ್ಲ. ಪುಣೆಯ ಚಿಕ್ಕಮ್ಮ ವಿಡಿಯೊ ಕಾಲಿನಲ್ಲಿ ನೋಡುತ್ತಾ "ಇನ್ನೊಂದು ಸಲ, ಕೂದಲು ಮುಖಕ್ಕೆ ಬಂತು" ಎಂದರು. ಇನ್ನೊಂದು ಸಲ ಆಯಿತು. 4ಕೆಯಲ್ಲಿ 60 ಫ್ರೇಮ್ ಇಟ್ಟರೆ ಫೋನ್ ನಿಮಿಷಕ್ಕೆ 400 ಎಂಬಿ ಆಸುಪಾಸು ತಿನ್ನುತ್ತದೆ. ಗೂಗಲ್ ಬಿಟ್ಟಿಯಾಗಿ ಕೊಡುವ 15 ಜಿಬಿ ಮುಕ್ಕಾಲು ಗಂಟೆಯೊಳಗೆ ತುಂಬಿಹೋಗುತ್ತದೆ. ಜಾಗ ಸಾಲದೆ ಭಾವನ ಫೋನಿನಿಂದ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿದರು. ಅವರು ಸಂಜೆಯವರೆಗೆ ಮಾತಾಡಲಿಲ್ಲ.

ಎಡಿಟಿಂಗಿಗೆ ಕೂತಾಗ ಎರಡನೇ ಕ್ಯಾಮೆರಾದ ಕಥೆ ಹೊರಬಂತು. ಅದನ್ನು ಹಿಡಿದಿದ್ದ ಹುಡುಗ ಮೊದಲೇ ಒಂದು ಸಲ ಗುಂಡಿ ಒತ್ತಿಬಿಟ್ಟಿದ್ದ. ಹಾಗಾಗಿ "ಆ್ಯಕ್ಷನ್" ಅಂದಾಗಲೆಲ್ಲ ಅವನ ಫೋನ್ ನಿಂತಿದೆ, "ಕಟ್" ಅಂದಾಗಲೆಲ್ಲ ಓಡಿದೆ. ಸಿಕ್ಕಿದ್ದು ಚಪ್ಪಲಿಗಳು, ಚಹಾದ ಲೋಟ, ನನ್ನ ಮೊಣಕಾಲು ಮತ್ತು ಯಾರದು ತಪ್ಪು ಎಂಬ ಜಗಳ. ಅಂಗಡಿಯೊಳಗಿನ ಶಾಟುಗಳಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್. ಫೋನಿನ ಶಟರ್ 50ರ ಅಥವಾ 100ರ ಲೆಕ್ಕಕ್ಕೆ ಹೊಂದದಿದ್ದರೆ ಹಲವು ಟ್ಯೂಬ್‌ಲೈಟುಗಳು ಹೀಗೆ ಸಿಟ್ಟು ತೀರಿಸಿಕೊಳ್ಳುತ್ತವೆ.

ಎಲ್ಲ ಸೇರಿಸಿ, ಹೊಲಿದು, ಕೊನೆಗೆ ಹೆಸರುಗಳು. ಅಕ್ಕನ ಮಗಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವಳ ಸಾಫ್ಟ್‌ವೇರಿಗೂ ಅಷ್ಟೇ, ಒತ್ತಕ್ಷರ ಕಂಡರೆ ಆಗುವುದಿಲ್ಲ. ಪರದೆಯ ಮೇಲೆ ದೊಡ್ಡದಾಗಿ 'ಹಾಡಿದವರು: ಅಮ್‌ಮಮ್‌ಮ' ಎಂದು ಬಂತು. ಅಮ್ಮಮ್ಮ ಕನ್ನಡಕ ಹಾಕಿ ನೋಡಿ, "ಇದು ಯಾರು? ನನ್ನ ಹಾಡಿಗೆ ಬೇರೆಯವರ ಹೆಸರು ಎಂತಕ್ಕೆ ಹಾಕಿದ್ದು?" ಎಂದರು. ಫೋನಿನಲ್ಲಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ತೆಗೆದು, ಚಿತ್ರವಾಗಿ ಅಂಟಿಸಿ ಅವರ ಹೆಸರು ಅವರಿಗೆ ವಾಪಸ್ ಕೊಟ್ಟೆವು.

ವಿಡಿಯೊ ಮುಗಿದ ಮೇಲೆ ಕಾಲೇಜಿನಲ್ಲಿ ರೀಲ್ಸಿಗೆ ಉದ್ದುದ್ದದ ಒಂದು ಪ್ರತಿಯೂ ಬೇಕು ಎಂದರು. ಅಡ್ಡ ಚಿತ್ರವನ್ನು ಹಾಗೆ ಕತ್ತರಿಸಿದರೆ ಅಗಲದಲ್ಲಿ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಸಾಫ್ಟ್‌ವೇರೇ ಮುಖ ಹುಡುಕಿ ತೀರ್ಮಾನಿಸಿತು. ಅದಕ್ಕೆ ಇಷ್ಟವಾದ ಮುಖ, ನಡುವೆ ಕೂತು ಮಲ್ಲಿಗೆ ಕಟ್ಟುತ್ತಿದ್ದ ಅಂಗಡಿಯವರದು. ಹುಡುಗಿಯರು ಎರಡೂ ಬದಿಗೆ ಕಳೆದುಹೋದರು. ನಡುನಡುವೆ ಒಂದೊಂದು ಕೈ ಬಂದು ಹೋಗುತ್ತದೆ, ಅಷ್ಟೆ. ಅಮ್ಮಮ್ಮನ ದನಿ, ಹಿಂದೆ ಬೀಟು, ಮುಂದೆ ಆ ಪುಣ್ಯಾತ್ಮರು ದಾರ ಸುತ್ತುತ್ತಾ ಕೂತಿದ್ದಾರೆ. ಸತ್ಯವಾಗಿ ಹೇಳುತ್ತೇನೆ, ಎರಡರಲ್ಲಿ ಇದೇ ಚೆನ್ನಾಗಿತ್ತು.

ಅವರಿಗೆ ತೋರಿಸಿ ಬರೋಣ ಎಂದು ಹೋದೆ. ವಿಜಯಪುರ ಕಡೆಯವರು. ಗಿರಾಕಿಗಳನ್ನು ನಿಲ್ಲಿಸಿ ಪೂರ್ತಿ ನೋಡಿದರು. ವಾಟ್ಸಾಪಿಗೆ ಹಾಕುವಾಗ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲಾಂದ್ರೆ ಮಸುಕಾಗುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟರು. ಆಮೇಲೆ ಇನ್ನೊಂದು ಸಲ ನೋಡಿ, ಫೋನ್ ವಾಪಸ್ ಕೊಡುತ್ತಾ ಕೇಳಿದರು:

"ಛಲೋ ಆಗೇದ್ರಿ. ನಡುನಡುವ ಆ ಹುಡುಗ್ಯಾರ ಕೈ ಬರ್ತಾವಲ್ರಿ, ಅವನ್ನಷ್ಟು ತೆಗಿಯಾಕ ಆಗ್ತದೇನ್ರಿ?"