ಹೊಗೆ ಬಂತು, ಪಕ್ಕಕ್ಕೆ ಸರೀರಿ

ನಾಲ್ಕು ಮಳೆ ಬಿದ್ದು, ಬೀದಿಗಿಬ್ಬರು ಡೆಂಗಿ ಜ್ವರ ಅಂತ ಮಲಗಿದ ಮೇಲೆ ಮೈಸೂರಿನ ಬಡಾವಣೆಗಳಿಗೆ ಹೊಗೆ ಯಂತ್ರ ದಯಮಾಡಿಸುತ್ತದೆ. ಮುಂದೆ ಮರಿ ಪುಢಾರಿ, ಹಿಂದೆ ನಾಲ್ಕು ಮೊಬೈಲು, ನಡುವೆ ಹೊಗೆ. ಹೊತ್ತು ಹನ್ನೊಂದಾಗಿರುತ್ತದೆ. ನೆಲ ಕಾದಿರುವುದರಿಂದ ಹೊಗೆ ಕೆಳಗೆ ನಿಲ್ಲದೆ ಸೀದಾ ಮೇಲೆದ್ದು ಚಾಮುಂಡಿ ಬೆಟ್ಟದ ಕಡೆ ಹೊರಡುತ್ತದೆ. ಮನೆಯವರು ಕಿಟಕಿ ಬಾಗಿಲು ಜಡಿದುಕೊಳ್ಳುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇರುವುದೇ ಒಳಗೆ: ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಪ್ಯಾಂಟಿನ ಮಡಿಕೆಯಲ್ಲಿ. ಈ ಹೊಗೆ ಮೈಗೆ ತಾಗಿದರೆ ಹಾರುವ ಸೊಳ್ಳೆ ಸಾಯುತ್ತದೆ, ಡ್ರಮ್ಮಿನ ನೀರಿನೊಳಗಿನ ಸೊಳ್ಳೆ ಮರಿಹುಳಕ್ಕೆ ಏನೂ ಆಗುವುದಿಲ್ಲ. ಎದುರು ಮನೆ ಅಜ್ಜ ಕೆಮ್ಮುತ್ತಾರೆ. ಕಾರ್ಯಕ್ರಮ ಯಶಸ್ವಿ.

ಜನರ ಧೈರ್ಯವನ್ನೂ ಮೆಚ್ಚಬೇಕು. "ನಮಗೆ ಹೋದ ವರ್ಷಾನೇ ಡೆಂಗಿ ಬಂದು ಹೋಯ್ತು, ಇನ್ ಬರಲ್ಲ ಬಿಡಿ." ಚಿಕೂನ್‌ಗುನ್ಯಾ ಆಗಿದ್ದರೆ ಒಪ್ಪಬಹುದಿತ್ತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಅದೊಂದರ ಕಾಟ ಜೀವಮಾನಕ್ಕೆ ತೀರಿತು. ಉಳಿದ ಮೂರರಿಂದ ರಕ್ಷಣೆ ಕೆಲವೇ ತಿಂಗಳು. ಆಮೇಲೆ ಬೇರೆ ಬಗೆ ಒಳಬಂದರೆ ಹಳೆಯ ಪ್ರತಿಕಾಯ (ಮೊದಲ ಸಲ ವೈರಸ್ಸಿನ ವಿರುದ್ಧ ಮೈ ತಯಾರಿಸಿಕೊಂಡ ಕಾವಲು) ಅದನ್ನು ಕೊಲ್ಲಲಾರದೆ, ಸುಮ್ಮನೆ ಅಂಟಿಕೊಂಡು, ಬಿಳಿ ರಕ್ತಕಣದೊಳಗೆ ತಾನೇ ಕರೆದೊಯ್ದು ಬಿಡುತ್ತದೆ. ಕಾವಲು ನಾಯಿ ಕಳ್ಳನಿಗೆ ಅಡುಗೆಮನೆ ತೋರಿಸಿದ ಹಾಗೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಬಂದು ಹೋಗಿತ್ತು. 1981ರಲ್ಲಿ ಎರಡನೇ ಬಗೆ ಬಂದಾಗ 158 ಜನ ಸತ್ತರು. ಡೆಂಗಿ ಇದೆಯೇ ಎಂದು ನೋಡುವ ನಮ್ಮ ಎನ್‌ಎಸ್‌-1 ರಕ್ತಪರೀಕ್ಷೆಯ ರಿಪೋರ್ಟು ಬಗೆ ಯಾವುದೆಂದು ಹೇಳುವುದಿಲ್ಲ. ಮೊದಲ ಸಲ ಬರೀ ವೈರಲ್ ಜ್ವರ ಅಂತ ಕಷಾಯದಲ್ಲೇ ಕಳೆದುಹೋಗಿದ್ದರೆ ಇದು ಎರಡನೆಯದೆಂದು ನಿಮಗೇ ಗೊತ್ತಿರುವುದಿಲ್ಲ.

ಜ್ವರದವರಿಗೆ ಎಳನೀರು ಒಳ್ಳೆಯದು, ಮದ್ದೂರು ಪಕ್ಕದಲ್ಲೇ ಇದೆ. ಹಾಗಾಗಿ ಆಸ್ಪತ್ರೆ ಗೇಟಿನಲ್ಲೇ ಗಾಡಿ, ಗಾಡಿ ಪಕ್ಕ ಕುಡಿದ ಬುರುಡೆಗಳ ಗುಡ್ಡೆ. ಎರಡು ಬೆರಳಗಲದ ಬಾಯಿ, ಒಳಗೆ ಕತ್ತಲು, ಅರ್ಧ ಲೋಟ ಮಳೆನೀರು: ಬಸುರಿ ಸೊಳ್ಳೆಗೆ ಇಂಥ ಹೆರಿಗೆ ವಾರ್ಡು ಬೇರೆಲ್ಲಿ ಸಿಕ್ಕೀತು! ನೀರಿನ ಮಟ್ಟಕ್ಕಿಂತ ತುಸು ಮೇಲೆ ಗೋಡೆಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಎಂಟು ಹತ್ತು ದಿನಕ್ಕೆ ಮಕ್ಕಳು ಹಾರುತ್ತವೆ, ವಾರ್ಡಿನ ಕಿಟಕಿಯೂ ಹತ್ತಿರ. ನೀರು ಆರಿದರೂ ಮೊಟ್ಟೆ ತಿಂಗಳುಗಟ್ಟಲೆ ಕಾಯುತ್ತದೆ; ಅದಕ್ಕೇ ಮನೆಯ ಡ್ರಮ್ಮನ್ನು ಬರೀ ಖಾಲಿ ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ನಾರು ಹಾಕಿ ತಿಕ್ಕಬೇಕು. ಫ್ರಿಜ್ಜಿನ ಹಿಂದಿನ ತಟ್ಟೆಯನ್ನೂ. ಬುರುಡೆಗಾದರೆ ಇನ್ನೊಂದು ಏಟು, ಎರಡು ಹೋಳು, ಬೋರಲು. ಮಚ್ಚು ಕೈಯಲ್ಲೇ ಇದೆಯಲ್ಲ ಸ್ವಾಮಿ.

ಆಸ್ಪತ್ರೆ ಒಳಗೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸ್ಕೋರು ನಡೆದಿರುತ್ತದೆ. "ಎಷ್ಟಾಯ್ತು?" "ಅರವತ್ತು ಸಾವಿರ." "ಪರಂಗಿ ಎಲೆ ರಸ ಕೊಡಿ." ಅಲ್ರೀ, ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಆ ಸಂಖ್ಯೆಯಲ್ಲ, ರಕ್ತನಾಳದಿಂದ ಸೋರಿಹೋಗುವ ನೀರು. ಸೋರುವುದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಸರಿಯಾಗಿ ಅವತ್ತೇ "ಜ್ವರ ಬಿಡ್ತು" ಅಂತ ತಲೆಗೆ ನೀರು ಹಾಕಿ ಮನೆಗೆ ಕರಕೊಂಡು ಹೋಗ್ತೀರಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆ: ಒಂದು ಕಂಡರೂ ವಾಪಸ್ ಓಡಬೇಕು. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಟ್ಟಬಾರದು, ರಕ್ತಸ್ರಾವ ಹೆಚ್ಚುತ್ತದೆ. ಪ್ರತಿ ಮಳೆಗಾಲ ಇದೇ ಮಾತು. ಹೇಳಿ ಹೇಳಿ ಸಾಕಾಗಿದೆ.

ಸರ್ಕಾರ ಸುಮ್ಮನಿಲ್ಲ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಸಾಕುವವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ಮಂಡ್ಯದ ಹಳ್ಳಿ ಸೊಳ್ಳೆ ಅರ್ಧವೇ ಕಚ್ಚುತ್ತದೆ ಅಂತ ಯಾರೋ ಲೆಕ್ಕ ಹಾಕಿರಬೇಕು. ಸರಿ, ಆಸ್ಪತ್ರೆ ಗೇಟಿನ ಆ ಬುರುಡೆ ಗುಡ್ಡೆಗೆ ರಸೀದಿ ಯಾರ ಹೆಸರಿಗೆ ಹರಿಯೋಣ?