ಅಡಿಟಿಪ್ಪಣಿ ಎಣಿಸಿದರೆ ಸಾಲದು

ಅಡಿಟಿಪ್ಪಣಿ ಜಾಸ್ತಿ ಇದ್ದರೆ ವಿಕಿಪೀಡಿಯ ಲೇಖನವನ್ನು ನಂಬಬಹುದು ಅಂತ ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಕ್ಲಾಸಿನ ಕೆಲಸಕ್ಕೆ ನಾನೂ ಒಂದು ಪ್ರಾಣಿ ದಯಾ ಸಂಸ್ಥೆಯ ಲೇಖನವನ್ನು ಪರಿಶೀಲಿಸಿದ್ದೆ. ಅಡಿಟಿಪ್ಪಣಿಗಳಲ್ಲಿದ್ದ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಬಹುಪಾಲು ಹೋಗಿ ನಿಂತಿದ್ದು ಆ ಸಂಸ್ಥೆಯ ಜಾಲತಾಣದಲ್ಲೇ! ಸಂಸ್ಥೆ ಶುರುವಾದ ವರ್ಷ ತಿಳಿಯೋಕೆ ಅದು ಸಾಕು. ಬ್ರಿಟನ್ನಿನ ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎ ತಾನು 1824ರಲ್ಲಿ ಹುಟ್ಟಿದ್ದು ಅಂತ ತಾನೇ ಹೇಳಿಕೊಂಡರೆ ಯಾರ ತಕರಾರೂ ಇಲ್ಲ. ಆದರೆ ‘ಸಾವಿರಾರು ನಾಯಿಗಳಿಗೆ ಹೊಸ ಬದುಕು ಕೊಟ್ಟಿದೆ’ ಅನ್ನುವ ಮಾತಿಗೆ ಹೊರಗಿನವರ ಸಾಕ್ಷಿ ಬೇಕು, ಅಲ್ವಾ? ಎಷ್ಟು ನಾಯಿಗಳಿಗೆ ದಯಾಮರಣ ಕೊಟ್ಟರು ಅನ್ನುವ ಲೆಕ್ಕ ಲೇಖನದಲ್ಲಿ ಎಲ್ಲೂ ಇರಲಿಲ್ಲ. ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಚರ್ಚೆ ಪುಟ ತೆರೆದರೆ ಯಾರೋ ಅದನ್ನೇ ಕೇಳಿದ್ದರು, ಉತ್ತರ ಬಂದಿರಲಿಲ್ಲ. ವಿದ್ಯಾರ್ಥಿಗಳಿಗೆ ಮೊದಲು ಆ ಪುಟ ತೋರಿಸಿ.